ಸ್ಕಾಟ್‌ಲೆಂಡ್ ಒಂದು ದೇಶವೇ? ಹೊಸನಗರದ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು, ಬಿದನೂರು ಕೋಟೆಯ ಹತ್ತಿರ ಅಡಿಕೆ ತೋಟವಿದೆ. ಮಗಳು ಎರಡು ವರ್ಷದಿಂದ ಎಡಿನ್‌ಬರೋದಲ್ಲಿದ್ದಾಳೆ. ಓದು ಮುಗಿದು ಈಗ ಅಲ್ಲೇ ಕೆಲಸ. ಈ ಸಲ ದೀಪಾವಳಿಗೆ ಬಂದು ರಾಜ್ಯೋತ್ಸವ ಮುಗಿಸಿಕೊಂಡು ಹೋದಳು. ಬರುವಾಗ ಹತ್ತು ಪೌಂಡಿನ ಒಂದು ನೋಟು ತಂದಿದ್ದಳು. ಅದರ ಮೇಲೆ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ ಎಂದಿದೆ. ಶಿವಮೊಗ್ಗದಲ್ಲಿ ವಿದೇಶಿ ಹಣ ಬದಲಿಸುವವರು ಅದನ್ನು ತೆಗೆದುಕೊಳ್ಳಲಿಲ್ಲ. ಮಗಳು ಬಾಡಿಗೆಗಿರುವ ಮನೆಯ ಒಡತಿ "ನಾನು ಬ್ರಿಟಿಷಳಲ್ಲ, ಸ್ಕಾಟಿಷ್" ಎನ್ನುತ್ತಾರಂತೆ. ಹಬ್ಬದ ಊಟದ ಹೊತ್ತಿಗೆ ಮಗಳು, "ಅವರಿಗೆ ತಮ್ಮದೇ ಕಾನೂನು, ನೋಟು, ಬಾವುಟ, ಫುಟ್‌ಬಾಲ್ ತಂಡ ಇವೆ. ನಮಗೇಕಿಲ್ಲ? ಯಾರು ಕೇಳಿದರೂ ನಾನು ಮೊದಲು ಕನ್ನಡತಿ ಎಂದೇ ಹೇಳುತ್ತೇನೆ" ಎಂದಳು. ನಮ್ಮ ಭಾವನವರು ಬೆಳಗಾವಿಯ ಮರಾಠಾ ಲಘು ಪದಾತಿ ದಳದಲ್ಲಿ ಹದಿನೇಳು ವರ್ಷ ಇದ್ದು ಬಂದವರು. "ಇದು ದೇಶ ಒಡೆಯುವ ಮಾತು" ಎಂದು ಎಲೆಯ ಮುಂದಿನಿಂದ ಎದ್ದು ಹೋದರು. ಇಬ್ಬರೂ ಈಗ ಮಾತಾಡುತ್ತಿಲ್ಲ. ಸ್ಕಾಟ್‌ಲೆಂಡ್ ನಿಜಕ್ಕೂ ಒಂದು ದೇಶವೇ? ನಮ್ಮದು ನಮಗಿರಲಿ ಎಂದು ಒಂದು ರಾಜ್ಯದ ಜನ ಕೇಳುವುದು ತಪ್ಪೇ? ಮಗಳ ಮಾತಿನಲ್ಲಿ ನಾನು ಹೆದರಬೇಕಾದದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಸ್ಕಾಟ್‌ಲೆಂಡಿನ ವಿಷಯವಾದರೂ ನಿಮ್ಮನ್ನು ಕಾಡುತ್ತಿರುವುದು ಅರ್ಧಕ್ಕೆ ಬಿಟ್ಟುಹೋದ ಆ ಊಟದೆಲೆ. ಶಿವಮೊಗ್ಗದಲ್ಲಿ ಮೂವತ್ತೊಂದು ವರ್ಷ ಕಾಲೇಜು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಟ್ಟಿದ್ದೇನೆ. ನಿಮ್ಮ ಮನೆಯ ಜಗಳ ನನ್ನ ತರಗತಿಯಲ್ಲಿ ಪ್ರತಿ ನವೆಂಬರಿನಲ್ಲೂ ನಡೆಯುತ್ತಿತ್ತು. ನಾನು ಕಂಡಂತೆ ಅದರಲ್ಲಿ ಮುಕ್ಕಾಲು ಪಾಲು ಒಂದು ಪದದಿಂದ ಹುಟ್ಟಿದ ಜಗಳ. ಉಳಿದ ಕಾಲು ಪಾಲು ಮಾತ್ರ ನಿಜವಾದದ್ದು, ಆ ಕಾಲು ಪಾಲಿಗೆ ಸರಿಯಾಗಿ ಉತ್ತರ ಹೇಳಬೇಕು.

ಮೊದಲು ಪದದ ವಿಷಯ ಮುಗಿಸೋಣ. ಇಂಗ್ಲಿಷಿನಲ್ಲಿ 'ನೇಷನ್' ಎನ್ನುವ ಒಂದೇ ಮಾತಿನೊಳಗೆ ಎರಡು ಸಂಗತಿಗಳು ಸೇರಿಕೊಂಡಿವೆ. ಒಂದೇ ನೆಲ, ನೆನಪು, ನುಡಿ, ನಡೆಗಳಿಂದ "ನಾವು" ಎಂದುಕೊಳ್ಳುವ ಜನ ಒಂದು. ಸೈನ್ಯ, ಪಾಸ್‌ಪೋರ್ಟ್, ವಿಶ್ವಸಂಸ್ಥೆಯಲ್ಲಿ ಸದಸ್ಯತ್ವ ಇರುವ ಸಾರ್ವಭೌಮ ಪ್ರಭುತ್ವ ಇನ್ನೊಂದು. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರು ಹಿಂದಿನಿಂದಲೂ ಇದೆ. ಮೊದಲನೆಯದು ನಾಡು, ಎರಡನೆಯದು ದೇಶ ಅಥವಾ ರಾಷ್ಟ್ರ. ಶಾಲೆಯಲ್ಲಿ ಮಕ್ಕಳು ನಾಡಗೀತೆಯನ್ನೂ ಹಾಡುತ್ತಾರೆ, ರಾಷ್ಟ್ರಗೀತೆಯನ್ನೂ ಹಾಡುತ್ತಾರೆ, ಯಾವ ಮಗುವಿಗೂ ಗೊಂದಲವಾಗುವುದಿಲ್ಲ. ನಿಮ್ಮ ಪಕ್ಕದ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಬರೆದ, 2004ರಲ್ಲಿ ಅಧಿಕೃತ ನಾಡಗೀತೆಯಾದ ಹಾಡಿನ ಮೊದಲ ಸಾಲಿನಲ್ಲೇ ಕರ್ನಾಟಕ ಮಾತೆ ಭಾರತ ಜನನಿಯ ಮಗಳು. ಮಗಳಿಗೆ ತನ್ನದೇ ಹೆಸರಿದೆ, ತನ್ನದೇ ಮನೆಯಿದೆ, ತವರೂ ಇದೆ. ಸ್ಕಾಟ್‌ಲೆಂಡಿನಲ್ಲಿ ನಿಮ್ಮ ಮಗಳು ಕಂಡದ್ದು ಒಂದು ನಾಡನ್ನು. ಅದನ್ನು ಅವಳು ಇಂಗ್ಲಿಷಿನ ಮೂಲಕ ಹೇಳಿದಳು, ಭಾವನವರಿಗೆ ಅದು ದೇಶ ಎಂದು ಕೇಳಿಸಿತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಹೀಗಿದೆ: ಸ್ಕಾಟ್‌ಲೆಂಡ್ ಒಂದು ನಾಡು, ಸಾರ್ವಭೌಮ ರಾಷ್ಟ್ರವಲ್ಲ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಸೇರಿ ಯುನೈಟೆಡ್ ಕಿಂಗ್‌ಡಮ್ ಎಂಬ ಒಂದು ರಾಷ್ಟ್ರ. ಪಾಸ್‌ಪೋರ್ಟ್, ಸೈನ್ಯ, ವಿದೇಶಾಂಗ ನೀತಿ ಎಲ್ಲ ಒಂದೇ. ಫುಟ್‌ಬಾಲಿನಲ್ಲಿ ಬೇರೆ ಬೇರೆ ತಂಡಗಳಿರುವುದಕ್ಕೆ ಕಾರಣ ಚರಿತ್ರೆ: ಜಗತ್ತಿನ ಮೊದಲ ಅಂತರರಾಷ್ಟ್ರೀಯ ಪಂದ್ಯವೆಂದು ಫುಟ್‌ಬಾಲ್ ಲೋಕ ಒಪ್ಪಿರುವುದು 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡ್ ಆಡಿದ ಆಟವನ್ನೇ. ಅದೇ ಜನ ಒಲಿಂಪಿಕ್ಸಿಗೆ ಒಂದೇ ತಂಡವಾಗಿ ಹೋಗುತ್ತಾರೆ.

ಇನ್ನು ನಿಜವಾದ ಕಾಲು ಪಾಲಿಗೆ ಬರೋಣ. ಇಂಗ್ಲೆಂಡ್ ಸ್ಕಾಟ್‌ಲೆಂಡನ್ನು ಗೆದ್ದುಕೊಂಡಿತು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹಾಗಾಗಲಿಲ್ಲ. 1603ರಲ್ಲಿ ಸ್ಕಾಟ್‌ಲೆಂಡಿನ ರಾಜ ಆರನೆಯ ಜೇಮ್ಸನೇ ಇಂಗ್ಲೆಂಡಿನ ಪಟ್ಟಕ್ಕೂ ವಾರಸುದಾರನಾಗಿ ಹೋದ. ಮುಂದೆ ನೂರು ವರ್ಷ ಬಹುಮಟ್ಟಿಗೆ ರಾಜ ಒಬ್ಬ, ಸಂಸತ್ತುಗಳು ಎರಡು. 1690ರ ದಶಕದ ಕೊನೆಗೆ ಸ್ಕಾಟರು ಪನಾಮದ ಡೇರಿಯನ್ ಎಂಬಲ್ಲಿ ವಸಾಹತು ಕಟ್ಟಲು ಹೋಗಿ ನಾಡಿನ ದುಡ್ಡಿನ ದೊಡ್ಡ ಪಾಲನ್ನು ಕಳೆದುಕೊಂಡರು. ಆ ಸಾಲದ ಭಾರವೂ ಇಂಗ್ಲೆಂಡಿನ ವ್ಯಾಪಾರದ ಆಸೆಯೂ ಸೇರಿ 1707ರಲ್ಲಿ ಎರಡೂ ಸಂಸತ್ತುಗಳು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟು ಒಂದಾದವು. ಸಾಮಾನ್ಯ ಜನ ಒಪ್ಪಿರಲಿಲ್ಲ, ಎಡಿನ್‌ಬರೋದ ಬೀದಿಗಳಲ್ಲಿ ಗಲಭೆಗಳಾದವು. ಆದರೆ ಬರವಣಿಗೆಯಲ್ಲಿ ಅದು ಒಪ್ಪಂದ, ಅದಕ್ಕೆ ಷರತ್ತುಗಳಿದ್ದವು.

ನಾನು ಮಕ್ಕಳಿಗೆ ಅತಿ ಹೆಚ್ಚು ಹೊತ್ತು ಪಾಠ ಮಾಡುತ್ತಿದ್ದುದು ಆ ಷರತ್ತುಗಳ ಬಗ್ಗೆ. ಸ್ಕಾಟರು ಸಂಸತ್ತನ್ನು ಬಿಟ್ಟುಕೊಟ್ಟರು, ಆದರೆ ಮೂರನ್ನು ಬಿಡಲಿಲ್ಲ. ತಮ್ಮ ಚರ್ಚು, ತಮ್ಮ ಶಾಲೆ ಮತ್ತು ವಿಶ್ವವಿದ್ಯಾಲಯಗಳು, ತಮ್ಮ ಕಾನೂನು ಮತ್ತು ನ್ಯಾಯಾಲಯ. ಅಲ್ಲಿನ ಉನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್ "ಮುಂದೆ ಎಲ್ಲ ಕಾಲಕ್ಕೂ" ಸ್ಕಾಟ್‌ಲೆಂಡಿನಲ್ಲೇ ಇರತಕ್ಕದ್ದು ಎಂದು ಹತ್ತೊಂಬತ್ತನೆಯ ವಿಧಿಯಲ್ಲಿ ಬರೆಸಿಕೊಂಡರು. ಮುಂದಿನ 292 ವರ್ಷ ಅವರಿಗೆ ಸ್ವಂತ ಶಾಸನಸಭೆ ಇರಲಿಲ್ಲ. ಆದರೂ ಸ್ಕಾಟ್ ಎಂಬ ಭಾವ ಅಳಿಯಲಿಲ್ಲ. ಊರಿನ ಮೇಷ್ಟರು, ಊರಿನ ಪಾದ್ರಿ, ಜಿಲ್ಲೆಯ ನ್ಯಾಯಾಧೀಶ ಮೂವರೂ ಲಂಡನ್ನಿನ ಪದ್ಧತಿಯವರಲ್ಲ, ತಮ್ಮವರು. ಮಗು ಹುಟ್ಟಿದಾಗ, ಮದುವೆಯಾದಾಗ, ಗಡಿಕಲ್ಲಿನ ತಕರಾರು ಬಂದಾಗ ಜನ ಹೋಗಿ ನಿಂತದ್ದು ತಮ್ಮದೇ ಸಂಸ್ಥೆಗಳ ಬಾಗಿಲಲ್ಲಿ. 1754ರಿಂದ ಇಂಗ್ಲೆಂಡಿನಲ್ಲಿ ಇಪ್ಪತ್ತೊಂದು ತುಂಬದವರ ಮದುವೆಗೆ ತಂದೆಯ ಒಪ್ಪಿಗೆ ಕಡ್ಡಾಯವಾಯಿತು, ಸ್ಕಾಟ್‌ಲೆಂಡಿನಲ್ಲಿ ಆ ಕಾನೂನು ನಡೆಯುತ್ತಿರಲಿಲ್ಲ. ಮನೆಯವರು ಒಪ್ಪದ ಇಂಗ್ಲಿಷ್ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡುತ್ತಿದ್ದರು. ಒಂದೇ ರಾಜ, ಒಂದೇ ಸಂಸತ್ತು, ಹೊಳೆಯಿಂದಾಚೆ ಬೇರೆ ಕಾನೂನು. ಇವತ್ತಿಗೂ ಅಲ್ಲಿನ ಕ್ರಿಮಿನಲ್ ಮೊಕದ್ದಮೆಯ ಜ್ಯೂರಿಯಲ್ಲಿ ಹದಿನೈದು ಜನ, ಇಂಗ್ಲೆಂಡಿನಲ್ಲಿ ಹನ್ನೆರಡು. ತಪ್ಪಿತಸ್ಥ, ನಿರಪರಾಧಿ ಎಂಬ ಎರಡರ ಜೊತೆ "ಸಾಬೀತಾಗಿಲ್ಲ" ಎಂಬ ಮೂರನೆಯ ತೀರ್ಪೂ ಅಲ್ಲಿತ್ತು. ಅದನ್ನು ತೆಗೆದುಹಾಕುವ ಮಸೂದೆಗೆ 2025ರಲ್ಲಿ ಒಪ್ಪಿಗೆ ಕೊಟ್ಟದ್ದು ಲಂಡನ್ನಲ್ಲ, ಎಡಿನ್‌ಬರೋದ ಸಂಸತ್ತೇ.

ಇದು ದೂರದ ಕಥೆಯಂತೆ ಕಂಡರೆ ನಿಮ್ಮ ತೋಟದ ಮೇಲಿನ ಗುಡ್ಡವನ್ನು ನೋಡಿ. ಅಡಿಕೆ ತೋಟದವರಾದ್ದರಿಂದ ನಿಮಗೆ ಸೊಪ್ಪಿನ ಬೆಟ್ಟದ ವಿಷಯ ನಾನು ಹೇಳಬೇಕಾದದ್ದಿಲ್ಲ. ನೆಲ ಸರ್ಕಾರದ್ದು. ಆದರೆ ಅಲ್ಲಿ ಸೊಪ್ಪು ಸವರುವ, ದರಕು ಗುಡಿಸಿ ತಂದು ತೋಟಕ್ಕೆ ಹಾಕುವ ಹಕ್ಕು ತೋಟದವರದು. ಮಾರುವಂತಿಲ್ಲ, ಮರ ಕಡಿದು ಸಾಗಿಸುವಂತಿಲ್ಲ. ಬಯಲುಸೀಮೆಯಿಂದ ಬಂದ ಹೊಸ ಅಧಿಕಾರಿಗೆ ಇದನ್ನು ಅರ್ಥಮಾಡಿಸಲು ಒಂದು ಮಧ್ಯಾಹ್ನ ಬೇಕು. ದೇಶದ ಬಹುಭಾಗದಲ್ಲಿ ಇಲ್ಲದ ಈ ಪದ್ಧತಿ ರಾಜರು ಹೋಗಿ, ಬ್ರಿಟಿಷರು ಹೋಗಿ, ಮೈಸೂರು ಸಂಸ್ಥಾನ ಹೋಗಿ ಕರ್ನಾಟಕ ಬಂದಮೇಲೂ ಉಳಿದಿದೆ. ಅದಕ್ಕೊಂದು ಬಾವುಟವಿಲ್ಲ, ಅದರ ಹೆಸರಿನಲ್ಲಿ ಮೆರವಣಿಗೆಯಿಲ್ಲ. ಕಡತದಲ್ಲಿ ಬರೆದಿದೆ, ಪ್ರತಿ ಬೇಸಿಗೆಯಲ್ಲಿ ಯಾರೋ ಒಬ್ಬರು ಹೆಡಿಗೆ ಹೊತ್ತು ಬೆಟ್ಟ ಹತ್ತುತ್ತಾರೆ. ನಿಮ್ಮೂರಿನ ಕೋಟೆಯ ಕಥೆಯೂ ಇದನ್ನೇ ಹೇಳುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ, ಕೆಳದಿ ಅರಸೊತ್ತಿಗೆ ಮುಗಿಯಿತು, ಊರಿನ ಹೆಸರೂ ಬದಲಾಗಿ ನಗರವಾಯಿತು. ಆದರೆ ನೂರು ವರ್ಷ ಹಿಂದೆ ಶಿವಪ್ಪನಾಯಕ ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ 'ಶಿಸ್ತು' ಎಂಬ ಪದ್ಧತಿ ಮಾತ್ರ ಉಳಿಯಿತು. ಆಮೇಲೆ ಬಂದ ದೊರೆತನಗಳೂ ಅದರ ಮೇಲೆ ಇಷ್ಟಿಷ್ಟು ಏರಿಸುತ್ತ ಹೋದವೇ ಹೊರತು ಲೆಕ್ಕದ ಬುಡ ಅದೇ ಆಗಿತ್ತು. ಏರಿಕೆ ಮಿತಿಮೀರಿದಾಗ, 1830ರಲ್ಲಿ, ನಗರದ ರೈತರು ದಂಗೆಯೆದ್ದರು. ಅದರ ಬಿಸಿ ಎಷ್ಟಿತ್ತೆಂದರೆ ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಅರಸರಿಂದ ತೆಗೆದುಕೊಂಡು ಐವತ್ತು ವರ್ಷ ತಮ್ಮ ಕೈಯಲ್ಲಿಟ್ಟುಕೊಂಡರು.

ಈಗ ಆ ನೋಟು. ಹತ್ತು ಪೌಂಡಿನ ಆ ನೋಟನ್ನು ಬೆಳಕಿಗೆ ಹಿಡಿದು ನೋಡಿ: ಒಂದು ಕಡೆ ಸಾಹಿತಿ ವಾಲ್ಟರ್ ಸ್ಕಾಟ್, ಇನ್ನೊಂದು ಕಡೆ ಗ್ಲೆನ್‌ಫಿನನ್ ಎಂಬಲ್ಲಿರುವ ಕಮಾನು ಕಮಾನಿನ ರೈಲು ಸೇತುವೆ. ಸ್ಕಾಟನ ಚಿತ್ರ ಸುಮ್ಮನೆ ಬಂದದ್ದಲ್ಲ. 1826ರಲ್ಲಿ ಲಂಡನ್ ಸರ್ಕಾರ ಐದು ಪೌಂಡಿಗಿಂತ ಸಣ್ಣ ನೋಟುಗಳನ್ನು ನಿಲ್ಲಿಸಹೊರಟಾಗ ಆತ ಪತ್ರಿಕೆಯಲ್ಲಿ ಪತ್ರಗಳನ್ನು ಬರೆದು ಜನರನ್ನು ಎಬ್ಬಿಸಿದ, ಸರ್ಕಾರ ಸ್ಕಾಟ್‌ಲೆಂಡಿನ ಮಟ್ಟಿಗೆ ಹಿಂದೆ ಸರಿಯಿತು. ಇವತ್ತಿಗೂ ಅಲ್ಲಿ ಮೂರು ಬ್ಯಾಂಕುಗಳು ನೋಟು ಹೊರಡಿಸುತ್ತವೆ.

ಆದರೆ ಇದು ಬೇರೆ ಹಣ ಎಂದು ನಿಮ್ಮ ಮಗಳು ಭಾವಿಸಿದ್ದರೆ ಅದು ತಪ್ಪು. ಅದೇ ಪೌಂಡು, ಅದೇ ಬೆಲೆ. ಆ ಬ್ಯಾಂಕುಗಳು ಹೊರಡಿಸುವ ಪ್ರತಿ ನೋಟಿಗೂ ಸಮನಾದ ಹಣವನ್ನು, ಹೆಚ್ಚಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟು ಅಥವಾ ಠೇವಣಿಯ ರೂಪದಲ್ಲಿ, ಆಧಾರವಾಗಿ ತೆಗೆದಿಡಬೇಕೆಂದು ಕಾನೂನೇ ಇದೆ. ಅದಕ್ಕಾಗಿಯೇ ಹತ್ತು ಲಕ್ಷ ಪೌಂಡಿನ, ಹತ್ತು ಕೋಟಿ ಪೌಂಡಿನ ವಿಶೇಷ ನೋಟುಗಳಿವೆ. ಅವು ಪೇಟೆಗೆ ಬರುವುದಿಲ್ಲ, ತಿಜೋರಿಯಲ್ಲೇ ಇರುತ್ತವೆ. ಬಡ್ಡಿದರ ನಿಗದಿಯಾಗುವುದು ಲಂಡನ್ನಿನಲ್ಲಿ. ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ 1695ರಷ್ಟು ಹಳೆಯದಾದರೂ ಇಂದು ಅದು ಲಂಡನ್ ಮೂಲದ ಒಂದು ದೊಡ್ಡ ಸಮೂಹದ ಭಾಗ. ನಾನು ಒಂದು ಸಂಸ್ಥೆಯನ್ನು ಅಳೆಯುವುದು ಅದರ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದರಿಂದ. ನೋಟಿನ ವಿಷಯದಲ್ಲಿ ಸ್ಕಾಟರ ಕೈಯಲ್ಲಿರುವುದು ಹೆಸರು ಮತ್ತು ಚಿತ್ರ, ಬೀಗದ ಕೈ ಅಲ್ಲ. ನ್ಯಾಯಾಲಯ ಮತ್ತು ಶಾಲೆಯ ವಿಷಯದಲ್ಲಿ ಬೀಗದ ಕೈ ಅವರದೇ. ನಮ್ಮಲ್ಲಿ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕಿನ ಬೀಗದ ಕೈ 1960ರಲ್ಲೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಹೋಗಿತ್ತು, ಹೆಸರು ಹೋದದ್ದು 2017ರ ಏಪ್ರಿಲ್ 1ರಂದು. ನನ್ನ ಮೊದಲ ಸಂಬಳ ಬಂದ ಅದರ ಪಾಸ್‌ಬುಕ್ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದನ್ನು ಎಸೆಯಲು ಮನಸ್ಸು ಬಂದಿಲ್ಲ.

ಬೀಗದ ಕೈಯ ಈ ಮಾತನ್ನು ಹಿಡಿದುಕೊಂಡರೆ ಮಗಳು ಎತ್ತಿದ ದೊಡ್ಡ ಪ್ರಶ್ನೆಯೂ ತಿಳಿಯಾಗುತ್ತದೆ. ಸ್ಕಾಟ್‌ಲೆಂಡಿನ ಈಗಿನ ಸಂಸತ್ತು ಹೇಗೆ ಬಂತೆಂದು ನೋಡಿ. 1979ರ ಜನಮತದಲ್ಲಿ ಹೌದು ಎಂದವರೇ ಹೆಚ್ಚು, ಶೇಕಡಾ 51.6. ಆದರೆ ಒಟ್ಟು ಮತದಾರರಲ್ಲಿ ಶೇಕಡಾ 40 ಮಂದಿ ಹೌದು ಎನ್ನಬೇಕೆಂಬ ಷರತ್ತಿತ್ತು, ಅಷ್ಟು ಮುಟ್ಟಲಿಲ್ಲ, ಯೋಜನೆ ಬಿದ್ದುಹೋಯಿತು. ಆಮೇಲಿನ ಹದಿನೆಂಟು ವರ್ಷಗಳಲ್ಲಿ ಸ್ಕಾಟರು ಹೆಚ್ಚಾಗಿ ಮತ ಹಾಕದ ಪಕ್ಷವೇ ಲಂಡನ್ನಿನಲ್ಲಿ ಆಳಿತು. ತಲೆಗಂದಾಯವನ್ನು 1989ರಲ್ಲಿ ಮೊದಲು ಸ್ಕಾಟ್‌ಲೆಂಡಿನ ಮೇಲೆ ಹೇರಿ, ಇಂಗ್ಲೆಂಡಿಗೆ ಒಂದು ವರ್ಷ ತಡವಾಗಿ ತಂದರು. 1992ರಲ್ಲಿ ರೇವನ್ಸ್‌ಕ್ರೇಗ್ ಉಕ್ಕಿನ ಕಾರ್ಖಾನೆ ಮುಚ್ಚಿತು. ಅದನ್ನು ಮುಚ್ಚಬೇಕೋ ಬೇಡವೋ ಎಂಬುದರಲ್ಲಿ ಮದರ್‌ವೆಲ್ ಪಟ್ಟಣದ ಜನರ ಮಾತಿಗೆ ಬೆಲೆಯಿರಲಿಲ್ಲ. ಭದ್ರಾವತಿಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರುಮಾಡಿದ, ಮೈಸೂರು ಸಂಸ್ಥಾನ ಕಟ್ಟಿದ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ ಮುಚ್ಚುವ ಸುದ್ದಿ ಬಂದಾಗ ಗೇಟಿನ ಮುಂದೆ ಕೂತ ಕಾರ್ಮಿಕರು ಯಾರನ್ನು ಕೇಳಬೇಕೆಂದು ತಿಳಿಯದೆ ಕೂತಿದ್ದರು. ಶಿವಮೊಗ್ಗದವರನ್ನು ಕೇಳಿದರೆ ಬೆಂಗಳೂರು, ಬೆಂಗಳೂರನ್ನು ಕೇಳಿದರೆ ದೆಹಲಿ. ಒಂದು ನಾಡಿನ ಅಭಿಮಾನ ರಾಜಕೀಯವಾಗಿ ಬಿಸಿಯೇರುವುದು ಹಾಡಿನಿಂದ, ಬಾವುಟದಿಂದ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ತನ್ನ ಅಂಗಳದ ತೀರ್ಮಾನ ತನ್ನನ್ನು ಕೇಳದೆ ಬೇರೆಲ್ಲೋ ಆಯಿತು ಎಂಬ ನೋವಿನಿಂದಲೇ ಅದು ಬಿಸಿಯೇರುತ್ತದೆ. 1997ರ ಜನಮತದಲ್ಲಿ ಸ್ಕಾಟರಲ್ಲಿ ಶೇಕಡಾ 74 ಮಂದಿ ತಮಗೆ ಸಂಸತ್ತು ಬೇಕೆಂದರು. 1999ರ ಮೇ ತಿಂಗಳಲ್ಲಿ ಆ ಸಭೆಯ ಹಿರಿಯ ಸದಸ್ಯೆ ವಿನ್ನಿ ಯೂಯಿಂಗ್ ಎದ್ದು ನಿಂತು, 1707ರ ಮಾರ್ಚ್ 25ರಂದು ಮುಂದೂಡಿದ ಸ್ಕಾಟ್‌ಲೆಂಡಿನ ಸಂಸತ್ತು ಮತ್ತೆ ಸೇರಿದೆ ಎಂದು ಘೋಷಿಸಿದರು. ಆ ಮಾತನ್ನು ತರಗತಿಯಲ್ಲಿ ಓದುವಾಗೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

ಆದರೆ ಅವರ ಸ್ಥಿತಿ ನಮಗಿಂತ ಎಲ್ಲ ರೀತಿಯಲ್ಲೂ ಮೇಲು ಎಂಬ ನಿಮ್ಮ ಮಗಳ ನಂಬಿಕೆ ಸರಿಯಲ್ಲ. ಸ್ಕಾಟ್‌ಲೆಂಡಿನ ಸಂಸತ್ತನ್ನು ಹುಟ್ಟಿಸಿದ್ದು ಲಂಡನ್ ಸಂಸತ್ತು 1998ರಲ್ಲಿ ಮಾಡಿದ ಒಂದು ಕಾಯ್ದೆ. ಅಲ್ಲಿ ಬರವಣಿಗೆಯಲ್ಲಿ ಒಂದೇ ಕಡೆ ಇರುವ ಸಂವಿಧಾನವಿಲ್ಲ. ಲಂಡನ್ ಸಂಸತ್ತೇ ಸರ್ವೋಚ್ಚ, ಕೊಟ್ಟದ್ದನ್ನು ಕಾನೂನಿನ ಪ್ರಕಾರ ಹಿಂಪಡೆಯಬಲ್ಲದು. ಉತ್ತರ ಐರ್ಲೆಂಡಿನ ಶಾಸನಸಭೆಯನ್ನು 1972ರಲ್ಲಿ ಹಾಗೆ ನಿಲ್ಲಿಸಿಯೂ ಇತ್ತು. ಸ್ಕಾಟ್‌ಲೆಂಡಿನ ಸಂಸತ್ತು ಶಾಶ್ವತ, ಅಲ್ಲಿನ ಜನಮತವಿಲ್ಲದೆ ರದ್ದಾಗದು ಎಂದು 2016ರ ಕಾಯ್ದೆಯಲ್ಲಿ ಬರೆದರು, ಅದೂ ಲಂಡನ್ನಿನದೇ ಕಾಯ್ದೆ. ಎಡಿನ್‌ಬರೋ ಒಪ್ಪಿಗೆ ಕೊಟ್ಟ ಒಂದು ಮಸೂದೆಯನ್ನು 2023ರ ಜನವರಿಯಲ್ಲಿ ಲಂಡನ್ ಮೊದಲ ಬಾರಿಗೆ ತಡೆದೂ ತೋರಿಸಿತು. ಬೇಕೆಂದಾಗ ಹೊರಹೋಗಬಹುದು ಎಂಬುದೂ ಸುಳ್ಳು. 2014ರ ಸೆಪ್ಟೆಂಬರ್ 18ರ ಸ್ವಾತಂತ್ರ್ಯದ ಜನಮತ ನಡೆದದ್ದು ಲಂಡನ್ ಒಪ್ಪಿದ್ದರಿಂದ. ಇನ್ನೊಂದು ಜನಮತವನ್ನು ಎಡಿನ್‌ಬರೋ ತಾನಾಗಿಯೇ ನಡೆಸುವಂತಿಲ್ಲ ಎಂದು 2022ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ವಿಧಾನಸಭೆಯ ಅಧಿಕಾರ ಯಾರ ಕೃಪೆಯಿಂದಲೂ ಬಂದದ್ದಲ್ಲ, ಸಂವಿಧಾನದಿಂದಲೇ ಬಂದದ್ದು. ಪೊಲೀಸು, ಆರೋಗ್ಯ, ಕೃಷಿ, ಭೂಮಿ ರಾಜ್ಯದ ಪಟ್ಟಿಯಲ್ಲಿವೆ. 1989ರಲ್ಲಿ ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಕೊಟ್ಟ ತೀರ್ಪು, ಬಹುಮತ ಅಳೆಯುವ ಜಾಗ ರಾಜಭವನವಲ್ಲ, ಸದನ ಎಂದಿತು. ದೇಶದ ಎಲ್ಲ ರಾಜ್ಯಗಳನ್ನೂ ಇವತ್ತು ಕಾಯುತ್ತಿರುವುದು ಒಬ್ಬ ಕನ್ನಡಿಗನ ಹೆಸರಿನ ಆ ತೀರ್ಪು. ಇದನ್ನು ನಿಮ್ಮ ಮಗಳಿಗೆ ತಪ್ಪದೆ ಹೇಳಿ. ಆದರೆ ನಮ್ಮಲ್ಲೂ ಒಂದು ಬಾಗಿಲು ತೆರೆದಿದೆ. ಮೂರನೆಯ ವಿಧಿಯಂತೆ ರಾಜ್ಯದ ಗಡಿಯನ್ನು, ಹೆಸರನ್ನು ಸಂಸತ್ತು ಸಾಮಾನ್ಯ ಬಹುಮತದಿಂದ ಬದಲಿಸಬಹುದು. ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಾಗಿಲ್ಲ. ಆಂಧ್ರಪ್ರದೇಶದ ವಿಧಾನಸಭೆ ತಿರಸ್ಕರಿಸಿದ ಮೇಲೂ 2014ರಲ್ಲಿ ತೆಲಂಗಾಣ ಬಂತು, 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ಎರಡು ಕೇಂದ್ರಾಡಳಿತ ಪ್ರದೇಶವಾಯಿತು.

ಭಾವನವರ ಭಯಕ್ಕೆ ಬರುತ್ತೇನೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಡಿಯಲ್ಲಿ ನಿಂತು ಬಂದವರಿಗೆ ದೇಶ ಒಡೆಯುವುದೆಂದರೆ ಏನೆಂದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ "ಮೊದಲು ಕನ್ನಡತಿ" ಎಂಬ ಮಾತು ಅಲ್ಲಿಗೇ ಕೊಂಡೊಯ್ಯುತ್ತದೆ ಎಂಬುದಕ್ಕೆ ಸ್ಕಾಟ್‌ಲೆಂಡ್ ಸಾಕ್ಷಿ ಹೇಳುವುದಿಲ್ಲ. 2011ರ ಅಲ್ಲಿನ ಜನಗಣತಿಯಲ್ಲಿ ಶೇಕಡಾ 62 ಮಂದಿ ತಾವು ಸ್ಕಾಟಿಷ್ ಮಾತ್ರ ಎಂದು ಬರೆಸಿದ್ದರು. ಮೂರು ವರ್ಷದ ನಂತರ ಅದೇ ಜನ ಸ್ವಾತಂತ್ರ್ಯದ ಪ್ರಶ್ನೆ ಬಂದಾಗ ಶೇಕಡಾ 55ರಷ್ಟು ಬೇಡ ಎಂದರು, 45ರಷ್ಟು ಬೇಕು ಎಂದರು. ಬ್ರಿಟಿಷ್ ಎಂದು ಹೇಳಿಕೊಳ್ಳಲು ಒಪ್ಪದ ಎಷ್ಟೋ ಜನ ಬ್ರಿಟನ್ನಿನಲ್ಲೇ ಉಳಿಯುತ್ತೇವೆ ಎಂದು ಮತ ಹಾಕಿದರು. ಅಲ್ಲಿನ ಸಮೀಕ್ಷೆಗಳಲ್ಲಿ ಇದಕ್ಕೆಂದೇ ಒಂದು ಪ್ರಶ್ನೆಯಿದೆ: ನೀವು ಸ್ಕಾಟಿಷ್ ಮಾತ್ರವೇ, ಹೆಚ್ಚು ಸ್ಕಾಟಿಷ್ ಕಡಿಮೆ ಬ್ರಿಟಿಷರೇ, ಎರಡೂ ಸಮನೇ, ಹೆಚ್ಚು ಬ್ರಿಟಿಷರೇ, ಬ್ರಿಟಿಷ್ ಮಾತ್ರವೇ? ನಾನು ಇದನ್ನೇ ಕನ್ನಡಿಗ, ಭಾರತೀಯ ಎಂದು ಬದಲಿಸಿ ಮಕ್ಕಳಿಗೆ ಕೊಡುತ್ತಿದ್ದೆ. ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂರುತ್ತಿದ್ದರು. ಒಬ್ಬ ಹುಡುಗ ಐದನ್ನೂ ಬಿಟ್ಟು ಕೆಳಗೆ "ಮಲೆನಾಡಿನವನು" ಎಂದು ಬರೆದುಕೊಟ್ಟಿದ್ದ.

ನೀವು ಕೇಳಿದ ಎರಡನೆಯ ಪ್ರಶ್ನೆ, ನಮ್ಮದು ನಮಗಿರಲಿ ಎಂದು ಕೇಳುವುದು ತಪ್ಪೇ ಎಂಬುದು. ತಪ್ಪಲ್ಲ. ಏನನ್ನು ಕೇಳುತ್ತೇವೆ ಎಂಬುದರಲ್ಲಿ ಲಾಭನಷ್ಟಗಳಿವೆ. ಬಾವುಟ ಕೇಳಬಹುದು. ರಾಜ್ಯಕ್ಕೆ ಬಾವುಟ ಇರಬೇಕೆಂದೂ ಇರಬಾರದೆಂದೂ ಸಂವಿಧಾನ ಹೇಳಿಲ್ಲ. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಹಳದಿ, ಬಿಳಿ, ಕೆಂಪಿನ ನಡುವೆ ಗಂಡಭೇರುಂಡವಿರುವ ನಾಡಧ್ವಜವನ್ನು ಒಪ್ಪಿ ದೆಹಲಿಗೆ ಕಳುಹಿಸಿತ್ತು. ನನಗೂ ಆ ಧ್ವಜದ ಮೇಲೆ ಪ್ರೀತಿಯಿದೆ. ಅದರ ಅಪಾಯ ಒಂದೇ: ಬಾವುಟ ಸಿಕ್ಕಿತೆಂದು ಕೈತೊಳೆದುಕೊಂಡು, ಕನ್ನಡ ಶಾಲೆಯ ಬಾಗಿಲು ಮುಚ್ಚಿದ್ದು ನಮ್ಮ ಕಣ್ಣಿಗೆ ಬೀಳದೇ ಹೋಗುವುದು. ಇನ್ನೊಂದು ದಾರಿ ಸಂವಿಧಾನದೊಳಗೇ ವಿಶೇಷ ಸ್ಥಾನ. ನಾಗಾಲ್ಯಾಂಡಿಗೂ ಮಿಜೋರಾಮಿಗೂ ಭೂಮಿ ಮತ್ತು ಸಾಂಪ್ರದಾಯಿಕ ಕಾನೂನಿನ ರಕ್ಷಣೆ ಹೀಗೆ ಸಿಕ್ಕಿದೆ. ನಮ್ಮಲ್ಲೂ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಪಾಲು ಬಂದಿದೆ. ಇದು ಗಟ್ಟಿಯಾದ ದಾರಿ, ಆದರೆ ಒಬ್ಬರಿಗೆ ಕೊಟ್ಟರೆ ಪಕ್ಕದವರು ಕೇಳುತ್ತಾರೆ, ಕೊಟ್ಟದ್ದು ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. ಮೂರನೆಯ ದಾರಿಯಲ್ಲಿ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಈಗಾಗಲೇ ನಮ್ಮ ಸೊಂಟದಲ್ಲಿರುವ ಬೀಗದ ಕೈಗಳನ್ನು ಬಳಸುವುದು. ಹಳ್ಳಿಯ ಶಾಲೆ, ತಾಲ್ಲೂಕು ನ್ಯಾಯಾಲಯದಲ್ಲಿ ಕನ್ನಡದ ತೀರ್ಪು, ಸಹಕಾರ ಸಂಘ, ಗ್ರಾಮಸಭೆ. ಅಡಿಕೆ ಬೆಳೆಗಾರರು 1939ರಲ್ಲಿ ಮ್ಯಾಮ್ಕೋಸ್ ಎಂಬ ತಮ್ಮ ಮಾರಾಟ ಸಹಕಾರ ಸಂಘವನ್ನು ಕಟ್ಟುವಾಗ ಯಾವ ಬಾವುಟಕ್ಕೂ ಕಾಯಲಿಲ್ಲ. ಇದರಲ್ಲಿ ಘೋಷಣೆಯಿಲ್ಲ, ಫೋಟೋ ಬರುವುದಿಲ್ಲ, ವರ್ಷಗಟ್ಟಲೆ ಸಭೆಗೆ ಹೋಗಿ ಕೂರಬೇಕು. ಆದರೂ ನನ್ನ ಮನಸ್ಸು ಈ ದಾರಿಯ ಕಡೆಗೇ ಇದೆ.

ಇದರ ಜೊತೆ ನಾವೆಲ್ಲ ನೆನಪಿಡಬೇಕಾದ ಒಂದು ಸಂಗತಿಯಿದೆ. ಕನ್ನಡಿಗರು ದೆಹಲಿಗೆ ಕೇಳುವ ಪ್ರಶ್ನೆಯನ್ನೇ ತುಳುವರು, ಕೊಡವರು ಬೆಂಗಳೂರಿಗೆ ಕೇಳುತ್ತಾರೆ. ಕೊಡಗು 1956ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು, ಇಪ್ಪತ್ನಾಲ್ಕು ಸದಸ್ಯರ ಸ್ವಂತ ವಿಧಾನಸಭೆಯಿತ್ತು. ಇವತ್ತಿಗೂ ಅಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಪದ್ಧತಿಯಿದೆ, ಕೊಡವರಿಗೂ ಜಮ್ಮಾದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. ಎಡಿನ್‌ಬರೋದ ಸಂಸತ್ತಿಗೂ ಗೇಲಿಕ್ ಮಾತಾಡುವ ದ್ವೀಪಗಳ ಜನ ಇದನ್ನೇ ಕೇಳುತ್ತಾರೆ. ಮೇಲಿನವರಿಂದ ಬಯಸಿದ ಗೌರವವನ್ನು ಕೆಳಗಿನವರಿಗೆ ಕೊಡದ ನಾಡಿನ ಅಭಿಮಾನವನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆ. ನಿಮ್ಮ ಮಗಳ ಮಾತಿನಲ್ಲಿ ಅದರ ಸುಳಿವು ನನಗೆ ಕಾಣಲಿಲ್ಲ.

ಎರಡು ಸಣ್ಣ ವಿಷಯ ಉಳಿದಿವೆ. ಮಗಳು ಮುಂದಿನ ಸಲ ಬಂದಾಗ ಆ ನೋಟನ್ನು ಅವಳ ಕೈಗೇ ಕೊಟ್ಟು ಕಳುಹಿಸಿ, ಎಡಿನ್‌ಬರೋದ ಯಾವ ಅಂಗಡಿಯಲ್ಲೂ ಅದು ನಡೆಯುತ್ತದೆ. ಹಾಗೆಯೇ ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿದ್ದಾಳೆಯೇ ಎಂದು ಕೇಳಿ. ಭಾರತ ಕಾಮನ್‌ವೆಲ್ತಿನ ಸದಸ್ಯ ದೇಶವಾದ್ದರಿಂದ ಕಾನೂನುಬದ್ಧವಾಗಿ ಅಲ್ಲಿ ನೆಲೆಸಿರುವ ಭಾರತೀಯರಿಗೆ ಸ್ಕಾಟ್‌ಲೆಂಡಿನ ಸಂಸತ್ತಿಗೂ ಲಂಡನ್ ಸಂಸತ್ತಿಗೂ ಮತ ಹಾಕುವ ಹಕ್ಕಿದೆ. 2014ರ ಜನಮತದಲ್ಲೂ ಅಲ್ಲಿ ವಾಸವಿದ್ದ ಭಾರತೀಯರು ಮತ ಹಾಕಬಹುದಾಗಿತ್ತು. ಸ್ಕಾಟ್‌ಲೆಂಡಿನಲ್ಲೇ ಹುಟ್ಟಿ ಲಂಡನ್ನಿನಲ್ಲಿ ಮನೆ ಮಾಡಿಕೊಂಡವರಿಗೆ ಆ ಹಕ್ಕಿರಲಿಲ್ಲ. ಆ ನಾಡು ತನ್ನವರು ಯಾರೆಂದು ಆ ದಿನ ಗುರುತಿಸಿದ್ದು ಹುಟ್ಟಿನಿಂದಲ್ಲ, ವಾಸದಿಂದ. ಈ ಸಂಗತಿಯನ್ನು ಭಾವನವರಿಗೂ ಹೇಳಿ.

ಅವರ ಬಳಿ ಇನ್ನೊಂದು ಮಾತು ತೆಗೆಯಿರಿ. ಶಿವಾಜಿ ಮಹಾರಾಜರ ಜಯಘೋಷ ಕೂಗುತ್ತ ತ್ರಿವರ್ಣ ಧ್ವಜದ ಕೆಳಗೆ ಹದಿನೇಳು ವರ್ಷ ನಿಂತ ಮಲೆನಾಡಿನ ಕನ್ನಡಿಗ ಅವರು. ಆ ದಳದ ಹೆಸರು, ಆ ಘೋಷ, ಆ ಪರಂಪರೆ ಅವರ ಭಾರತೀಯತೆಯನ್ನು ಎಂದಾದರೂ ಕಡಿಮೆ ಮಾಡಿತೇ ಎಂದು ಕೇಳಿ. ನಮ್ಮ ಸೈನ್ಯದ ಪರೇಡಿನಲ್ಲಿ ಚೀಲ ಒತ್ತಿ ಊದುವ ಆ ಪೈಪ್ ವಾದ್ಯ ಸ್ಕಾಟ್ ಪಲ್ಟನ್ನುಗಳಿಂದ ಬಂದದ್ದೆಂದು ಅವರಿಗೆ ಗೊತ್ತಿರುತ್ತದೆ. ಮಗಳು ಮುಂದಿನ ಸಲ ಫೋನು ಮಾಡಿದಾಗ ಅದರ ಕಥೆಯನ್ನು ಅವರ ಬಾಯಿಂದಲೇ ಅವಳಿಗೆ ಹೇಳಿಸಿ.